ಜರಿಗಿಡದ ಎಲೆಯೊಳಗೆ ಎಲೆ ಯಾಕಿದೆ?

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಜರಿಗಿಡದ ಎಲೆ ಕರಿಬೇವಿನ ಎಸಳಿನ ಹಾಗಿತ್ತು. ಅಂದರೆ, ನಡುವೆ ದಂಟು, ಎರಡೂ ಕಡೆ ಸಾಲಾಗಿ ಕಿರುಎಲೆಗಳು. ಕಿರುಎಲೆಗಳಲ್ಲಿ ಸೀಳಿರಲಿಲ್ಲ, ಬರೀ ನುಣುಪು.

ಪ್ರತಿ ಗಿಡವೂ ಸಾಯುವ ಮುಂಚೆ ತನ್ನ ರೂಪವನ್ನು ಬೀಜದಲ್ಲಿ ಕಟ್ಟಿಡುತ್ತಿತ್ತು. ಜರಿಯಮ್ಮ ಹೂವೇ ಬಿಡದವಳು. ಅವಳಿಗೆ ಬೀಜ ಎಲ್ಲಿಂದ ಬರಬೇಕು?

ಒಂದು ದಿನ ಗಾಳಿರಾಯ ಬಿಸಿಯಾಗಿ ಬಂದ. "ಕಾಡ್ಗಿಚ್ಚು ಆಚೆ ಬೆಟ್ಟ ದಾಟಿದೆ ಕಣಮ್ಮ."

"ಅದನ್ನು ಹೊತ್ತು ತರುತ್ತಿರುವವನು ನೀನೇ ಅಲ್ಲವೇನಪ್ಪ?"

ಗಾಳಿರಾಯ ಮುಖ ತಿರುಗಿಸಿ ಮುಂದಕ್ಕೆ ಬೀಸಿದ.

ಪಕ್ಕದ ಬೂರುಗದ ಮರ ನಕ್ಕಿತು. "ನನ್ನ ಬೀಜಗಳು ಆಗಲೇ ಹಾರಿಹೋದವು. ನೀನು ಬೂದಿಯಾದರೆ ನಿನ್ನ ಗುರುತು ಹೇಳುವವರು ಯಾರೇ?"

ಜರಿಯಮ್ಮ ತಡಮಾಡಲಿಲ್ಲ. ತನ್ನ ರೂಪವನ್ನು ಮಕ್ಕಳಿಗೆ, ಅಂದರೆ ಕಿರುಎಲೆಗಳಿಗೆ, ಪಾಲು ಮಾಡಿ ಕೊಟ್ಟಳು. ಬುಡದವಳಿಗೆ ಅಗಲ, ನಡುವಿನವಳಿಗೆ ದಂಟು, ಕೊನೆಯವಳಿಗೆ ಚೂಪು ತುದಿ.

ಕೊನೆಯವಳು ಕೇಳಿದಳು, "ಅಮ್ಮ, ನಾನೊಬ್ಬಳೇ ಉಳಿದರೆ? ಬರೀ ತುದಿ ಗೊತ್ತಿರುವವಳು ನಿನ್ನನ್ನು ಹೇಗೆ ಮಾಡಲಿ?"

ಹೊಗೆ ಆಗಲೇ ಕಣಿವೆಗೆ ಇಳಿದಿತ್ತು.

"ತಪ್ಪು ಮಾಡಿದೆ ಮಗಳೇ. ಹಣ್ಣು ಹಂಚಿದ ಹಾಗೆ ರೂಪ ಹಂಚಬಾರದಿತ್ತು. ಒಬ್ಬೊಬ್ಬಳಿಗೂ ಪೂರ್ತಿ ಕೊಡುತ್ತೇನೆ. ನೋವಾಗುತ್ತದೆ, ತಡೆದುಕೋ."

ಅವಳು ಒಂದೊಂದು ಕಿರುಎಲೆಯನ್ನೂ ಸೀಳಿದಳು. ಅದರಲ್ಲೂ ದಂಟು, ಅದರಲ್ಲೂ ಎರಡು ಕಡೆ ಸಾಲು, ಅದರಲ್ಲೂ ಚೂಪು ತುದಿ. ಮಕ್ಕಳು ಅತ್ತರು. ಅವಳು ನಿಲ್ಲಿಸಲಿಲ್ಲ. ಆ ಸಾಲಿನ ಪುಟ್ಟ ಎಲೆಗಳನ್ನೂ ಸೀಳಿದಳು. ಅಂದರೆ, ದೊಡ್ಡದರಲ್ಲಿ ಏನಿತ್ತೋ ಚಿಕ್ಕದರಲ್ಲೂ ಅದೇ, ಚಿಕ್ಕದರೊಳಗಿನ ಚಿಕ್ಕದರಲ್ಲೂ ಅದೇ. ಅಳತೆ ಬೇರೆ, ರೂಪ ಒಂದೇ. ಇಂಥ ರೂಪಕ್ಕೆ ಗಣಿತದವರು ಫ್ರ್ಯಾಕ್ಟಲ್ ಎನ್ನುತ್ತಾರೆ. ಗಣಿತದಲ್ಲಿ ಒಳಗೆ ಹೋದಷ್ಟೂ ಅದು ಮುಗಿಯುವುದಿಲ್ಲ.

ಜರಿಯಮ್ಮನಿಗೆ ಅಷ್ಟು ಹೊತ್ತಿರಲಿಲ್ಲ. ಬೆಂಕಿ ಬಂತು.

ನಗುತ್ತಿದ್ದ ಬೂರುಗವೂ ಉಳಿಯಲಿಲ್ಲ. ಕೊನೆಯ ಮಗಳ ಉಗುರಿನಷ್ಟು ಚೂರು ಮಾತ್ರ ಒದ್ದೆ ಬಂಡೆಯ ಬಿರುಕಿಗೆ ಬಿತ್ತು. "ಅಮ್ಮ," ಎಂದು ಕರೆಯಿತು. ಸುತ್ತ ಬರೀ ಬೂದಿ. ಆಗ ಅದು ತನ್ನನ್ನೇ ನೋಡಿಕೊಂಡಿತು. ಇಲ್ಲಿ ದಂಟು, ಇಲ್ಲಿ ಸಾಲು, ಇಲ್ಲಿ ತುದಿ. ನೋಡಿಕೊಂಡು, ಹಾಗೆಯೇ ಬೆಳೆಯಿತು.

ಅದಕ್ಕೇ ಮಗು, ಇವತ್ತಿಗೂ ಜರಿಗಿಡದ ಕಿರುಎಲೆ ಮುರಿದು ದೊಡ್ಡ ಎಲೆಯ ಪಕ್ಕ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಇನ್ನೂ ಚಿಕ್ಕದು ಮುರಿದರೂ ಅದೇ. ಅದಕ್ಕಿಂತ ಚಿಕ್ಕದರಲ್ಲಿ ಮಾತ್ರ ಬರೀ ನುಣುಪು ಹಸಿರು. ಜರಿಯಮ್ಮನ ಕೈ ಅಲ್ಲಿಗೆ ನಿಂತಿತು.