ಗಣಪಿಯ ಕೋಲು

"ನನ್ನ ಕೋಲು ಕೀಳಬೇಡಿ. ಹಕ್ಕಿ ಕೂತಿದೆ."

ನನ್ನ ಹೆಂಡತಿ ಗಣಪಿ ನನಗೆ ಹೇಳಿದ ಕೊನೆಯ ಮಾತು ಇದು. ಅವಳ ತಂಗಿ, ನನ್ನ ಅತ್ತಿಗೆ, ಪಕ್ಕದ ಮನೆಯ ಹೊನ್ನಮ್ಮ ಎಲ್ಲ ಅಲ್ಲೇ ಇದ್ದರು. ಆಮೇಲೆ ಅವಳು ಮಾತಾಡಲಿಲ್ಲ. ಮಧ್ಯಾಹ್ನ ಹೋದಳು.

ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಹನ್ನೆರಡನೆಯ ದಿನದ ಕರ್ಮ ಮುಗಿಸಿ ಸಂಜೆ ನಮ್ಮೂರ ಗುರುಗಳ ಹತ್ತಿರ ಹೋದೆ. ಬೇಸಿಗೆಯಲ್ಲಿ ಅವರು ಬಿಸಿಲು ಇಳಿದ ಮೇಲೆ ಅಳಿವೆಯ ದಂಡೆಯಲ್ಲಿ ಸ್ವಲ್ಪ ದೂರ ನಡೆಯುತ್ತಾರೆ. ಹಕ್ಕಿ ಕಂಡರೆ ನಿಲ್ಲುತ್ತಾರೆ. ನಾನೂ ಜೊತೆಗೆ ನಡೆದೆ. ನಡೆಯುತ್ತಲೇ ಕೇಳಿದೆ.

"ಗುರುಗಳೇ, ಮೂವತ್ತೊಂದು ವರ್ಷ ಜೊತೆಗಿದ್ದೆವು. ಸಾಯುವಾಗ ಅವಳಿಗೆ ಹಕ್ಕಿಯ ನೆನಪಾಯಿತು. ನನ್ನ ನೆನಪು ಆಗಲಿಲ್ಲವೇ?"

ಯಾವ ಕೋಲು ಎಂದು ಅವರು ಕೇಳಿದರು. ಹೇಳಿದೆ.

ನಮ್ಮ ಹೆಂಗಸರು ಇಳಿತದ ಹೊತ್ತಿಗೆ ಅಳಿವೆಗೆ ಇಳಿದು, ಮರಳು ಕೆದಕಿ ಬಳಚಿನ ಚಿಪ್ಪು ಹೆಕ್ಕುತ್ತಾರೆ. ಹೆಕ್ಕಿದ್ದನ್ನು ನೀರು ಏರದ ಮರಳುದಿಬ್ಬದ ಮೇಲೆ ರಾಶಿ ಹಾಕುತ್ತಾರೆ. ಅಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಜಾಗ. ಗುರುತಿಗೆ ಒಂದು ಕೋಲು, ಕೋಲಿನ ತುದಿಗೆ ಅವಳ ಹಳೆಯ ಸೀರೆಯ ಚೂರು. ಆ ಜಾಗದಲ್ಲಿ ಬೇರೆಯವರು ಕಾಲಿಡುವುದಿಲ್ಲ. ಅವಳು ಸತ್ತರೆ, ಕರ್ಮ ಮುಗಿದ ಮರುದಿನ ಗಂಡ ಕೋಲು ಕಿತ್ತು ಇಳಿತದ ನೀರಿಗೆ ಬಿಡಬೇಕು. ಆಮೇಲೆ ಜಾಗ ಇನ್ನೊಬ್ಬಳಿಗೆ.

ಬೇಸಿಗೆ ಬಂತೆಂದರೆ ಗಣಪಿಯ ಜಾಗದಲ್ಲೇ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಮರಳಿನದೇ ಬಣ್ಣ. ತಿಳಿಯದೆ ತುಳಿದರೆ ಮುಗಿಯಿತು. ಮರಿಯಾಗುವ ತನಕ ಅವಳು ತನ್ನ ಚಿಪ್ಪನ್ನು ಕೆಳಗೆ ಹಸಿ ಮರಳಲ್ಲಿ ಸುರಿಯುತ್ತಿದ್ದಳು. ಗಣಪಿ ಹಕ್ಕಿಯ ಬಾಣಂತನಕ್ಕೆ ಹೊರಟಳು ಎಂದು ಉಳಿದವರು ನಗುತ್ತಿದ್ದರು. ದಿನಾ ಸಂಜೆ ದೂರದಲ್ಲಿ ಕೂತು ನೋಡುತ್ತಿದ್ದಳು. ಹತ್ತಿರಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ನಾನೂ ಬರುತ್ತೇನೆ ಎಂದರೆ, ನಿಮ್ಮದು ಆನೆ ಕಾಲು, ದೋಣಿಯಲ್ಲೇ ಇರಿ ಎನ್ನುತ್ತಿದ್ದಳು.

ನಾಳೆ ಕೋಲು ಕೀಳುವ ದಿನ. ಹೊನ್ನಮ್ಮ ಜಾಗ ಕೇಳಿದ್ದಾಳೆ. ಕಿತ್ತೇಬಿಡುತ್ತೇನೆ ಎಂದೆ.

ಗುರುಗಳು ನಿಂತರು. ದಂಡೆಯ ಗೂಟದ ಮೇಲೆ ಒಂದು ಮಿಂಚುಳ್ಳಿ ಇತ್ತು. ಅದು ಹಾರಿ ಹೋಗುವ ತನಕ ನೋಡಿದರು. ಆಮೇಲೆ ಹೇಳಿದರು.

ಒಬ್ಬ ರೈತನಿದ್ದ. ಅವನ ಗದ್ದೆ ಅಳಿವೆಗೆ ತಾಗಿಕೊಂಡಿತ್ತು. ನಡುವೆ ಒಂದು ಕಟ್ಟೆ, ಕಟ್ಟೆಯಲ್ಲಿ ತೂಬು, ತೂಬಿಗೆ ಹಲಗೆ. ಕಡಲು ಉಕ್ಕಿ ಭರತ ಬರುವಾಗ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಬೇಕು. ಮರೆತರೆ ಉಪ್ಪುನೀರು ಒಳಗೆ. ಅವನು ಆ ಕೆಲಸ ಯಾರಿಗೂ ಕೊಡಲಿಲ್ಲ. ತಮ್ಮಂದಿರು ಕೇಳಿದರು, ಕೊಡಲಿಲ್ಲ. ಹೆಂಡತಿ ಕೇಳಿದಳು. ಅನ್ನದ ಗಂಜಿ ಬಸಿಯಲು ಬಾರದವಳು ಅಳಿವೆಯ ನೀರು ಕಾಯುತ್ತಾಳಂತೆ ಎಂದು ನಕ್ಕ.

ಒಂದು ಮಳೆಗಾಲ ಅವನಿಗೆ ಜ್ವರ ಬಂತು. ಇಳಿಯಲಿಲ್ಲ. ತಮ್ಮಂದಿರು ಸುತ್ತ ಕೂತಿದ್ದರು. ಅವನು ಅವರನ್ನು ದಾಟಿ ಹೆಂಡತಿಯನ್ನು ನೋಡಿದ. "ಭರತ ಏರುತ್ತಿದೆ. ಹಲಗೆ ನೋಡಿಕೋ" ಎಂದ. ಪ್ರಾಣ ಬಿಟ್ಟ.

ಹೆಂಡತಿಗೆ ಸಿಟ್ಟು ಬಂತು. ಸಾಯುವಾಗಲೂ ಗದ್ದೆ, ನನಗೊಂದು ಮಾತಿಲ್ಲ ಎಂದುಕೊಂಡಳು. ಕೂತಲ್ಲಿಂದ ಏಳಲಿಲ್ಲ. ಉಪ್ಪುನೀರು ನುಗ್ಗಿತು. ಎಳೆಯ ಪೈರು ಕೆಲವೇ ದಿನಗಳಲ್ಲಿ ಕೆಂಪಾಯಿತು.

ಕರ್ಮ ಮುಗಿದ ಮೇಲೆ ಅವಳು ಒಬ್ಬಳೇ ಕಟ್ಟೆಗೆ ಹೋದಳು. ಹಲಗೆಯ ಹಿಡಿ ಮುಟ್ಟಿದಳು. ಅದು ಅವನ ಕೈಯ ಅಳತೆಗೆ ಸವೆದಿತ್ತು. ಭರತ ಬರುವ ಹೊತ್ತಿಗೆ ಸರಿಯಾಗಿ ಇಳಿಸಿದಳು. ಕಾಯಲು ಒಳಗೆ ಏನೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಾವು ದೋಣಿ ಕಟ್ಟುವ ಜಾಗಕ್ಕೆ ಬಂದಿದ್ದೆವು.

"ಅವಳದೇನು ತಪ್ಪು ಗುರುಗಳೇ?" ಎಂದೆ. "ತನಗೆಂದು ಒಂದು ಮಾತು ಬೇಕಿತ್ತು, ಅಷ್ಟೇ."

"ಯಾರಿಗೂ ಕೊಡದ ಹಲಗೆಯನ್ನು ಅಷ್ಟು ಜನರ ನಡುವೆ ಅವನು ಯಾರ ಕೈಗೆ ಕೊಟ್ಟ, ಜಟ್ಟಪ್ಪ?"

ಅವರು ಬಂದ ದಾರಿಯಲ್ಲೇ ಹಿಂದೆ ಹೋದರು. ನಾನು ದೋಣಿಯ ಅಂಚು ಹಿಡಿದು ನಿಂತೆ.

ಬೆಳಿಗ್ಗೆ ಇಳಿತದ ಹೊತ್ತಿಗೆ ದಿಬ್ಬಕ್ಕೆ ಹೋದೆ. ಹೊನ್ನಮ್ಮ ಬುಟ್ಟಿ ಹಿಡಿದು ನಿಂತಿದ್ದಳು. ಮರಿಯಾಗಲಿ, ಆಮೇಲೆ ನೋಡೋಣ ಎಂದೆ. ಅವಳು ನನ್ನ ಮುಖ ನೋಡಿದಳು, ಬುಟ್ಟಿ ಎತ್ತಿಕೊಂಡು ಕೆಳಗೆ ಇಳಿದಳು. ನಾನು ಒಂದೊಂದು ಹೆಜ್ಜೆಗೂ ಮರಳು ನೋಡಿಕೊಂಡು ಕೋಲಿನ ತನಕ ನಡೆದೆ. ಬಟ್ಟೆ ಗಾಳಿಗೆ ಹರಿದಿತ್ತು. ಗಣಪಿಯ ಸೀರೆಯಿಂದ ಹೊಸ ಚೂರು ಕಟ್ಟಿ, ಕೋಲನ್ನು ಇನ್ನೊಂದು ಗೇಣು ಒತ್ತಿದೆ. ಹಕ್ಕಿ ಎದ್ದು ತಲೆಯ ಮೇಲೆ ಕೂಗುತ್ತ ಸುತ್ತಿತು. ಹಿಂದಕ್ಕೆ ಬಂದು ಅವಳು ಕೂರುತ್ತಿದ್ದಲ್ಲಿ ಕೂತೆ. ಅದು ಇಳಿದು ಮೊಟ್ಟೆಯ ಮೇಲೆ ಕೂರುವ ತನಕ ಅಲುಗಲಿಲ್ಲ.