ಎಡಗೈಯಲ್ಲಿ ನಿಲ್ಲುವ ವರಸೆ

ಕೊರಿಯಾ ದೇಶದ ಒಂದು ನದಿಯ ದಂಡೆಯಲ್ಲಿ ಹಾ-ಉನ್ ಎಂಬ ವೃದ್ಧ ಗುರುಗಳಿದ್ದರು. ಟೇಕ್ವಾಂಡೋ ಕಲಿಸುತ್ತಿದ್ದರು. ಬುದ್ಧನಿಗೆ ದೀಪ ಹಚ್ಚದೆ ಕೈ ಎತ್ತಿದವರಲ್ಲ.

ಆ ಚಳಿಗಾಲ ಅವರ ಬಳಿ ಉಳಿದವಳು ಒಬ್ಬಳೇ ಶಿಷ್ಯೆ, ಬೊರಮ್. ಅವಳ ಅಣ್ಣ ತೆಸೊಕ್ ನದಿಯ ಪಾಲಾಗಿದ್ದ. ಗುರುಗಳ ಜ್ವರಕ್ಕೆ ಔಷಧಿ ತರಲು ಹೆಪ್ಪುಗಟ್ಟಿದ ನೀರಿನ ಮೇಲೆ ಹೊರಟವನು. ಮಂಜುಗಡ್ಡೆ ಒಡೆದು ಒಳಗೆ ಹೋದ. ಹೋಗಿ ಬಾ ಎಂದವರು ಗುರುಗಳೇ. ಭಗವಂತನ ಚಿತ್ತ ನಮ್ಮಂಥವರಿಗೆ ತಿಳಿಯುವುದಲ್ಲ.

ಅಣ್ಣನ ಶ್ರಾದ್ಧಕ್ಕೆ ಅವನ ಪ್ರೀತಿಯ ಚುಂಗ್‌ಮು ಎಂಬ ಟೇಕ್ವಾಂಡೋ ವರಸೆಯನ್ನು ಅವಳು ಅರ್ಪಿಸಬೇಕಿತ್ತು. ಬೆಳಿಗ್ಗೆಯಿಂದ ಅಂಗಳದ ಹಿಮದಲ್ಲಿ ಅಭ್ಯಾಸ; ಗುರುಗಳು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಕಡೆಯ ಹೊಡೆತ ಎಡಗೈಯದು. ಅದಾದ ಮೇಲೂ ಪ್ರತಿಸಲ ಅವಳ ಬಲಗೈ ಮುಂದೆ ನುಗ್ಗುತ್ತಿತ್ತು.

“ಇದ್ಯಾವುದಮ್ಮ ಹೊಸ ಹೊಡೆತ? ನನಗೇ ಕಲಿಸ್ತೀಯಾ?”

“ಎಡಗೈಯಲ್ಲಿ ನಿಲ್ಲಿಸಿದರೆ ಮುಗಿದ ಹಾಗೇ ಇರೋಲ್ಲ ಗುರುಗಳೇ.”

“ಅದಕ್ಕೇ ಹಾಗಿಟ್ಟಿದ್ದಾರೆ. ಈ ವರಸೆ ಒಬ್ಬ ನೌಕಾ ದಳಪತಿಯ ನೆನಪಿನದು. ಯುದ್ಧದಲ್ಲೇ ಸತ್ತ. ಅವನ ಶಕ್ತಿಯೆಲ್ಲ ಹೊರಗೆ ಬರಲೇ ಇಲ್ಲ. ಆ ಕೊರಗು ಇದು.”

“ಅವನೋ ದಳಪತಿ, ಯುದ್ಧದಲ್ಲಿ ಸತ್ತ. ನಮ್ಮಣ್ಣ ನಿಮ್ಮ ಕಷಾಯದ ಬೇರು ತರೋಕೆ ಹೋಗಿ ಸತ್ತ. ಅದಕ್ಕೇನು ಅರ್ಥ, ಹೇಳಿ!”

ಗುರುಗಳು ಒಳಗಿನ ದೀಪದ ಕಡೆ ತಿರುಗಿದರು.

“ದಿನಾ ದೀಪ ಹಚ್ತೀರಲ್ಲ, ಆ ಬುದ್ಧನನ್ನಾದರೂ ಕೇಳಿದಿರಾ?”

“ಕೇಳಿದೆ.”

“ಏನಂದ?”

“ದೀಪ ಉರೀತಾ ಇತ್ತು.”

“ಹಾಗಾದರೆ ನಾನು ಬಲಗೈಯಲ್ಲೇ ಮುಗಿಸೋದು. ಅಣ್ಣನಿಗೆ ಅರೆಬರೆ ಕೊಡಲಾರೆ.”

ಗುರುಗಳು ಮೆಟ್ಟಿಲಿಳಿದು ಹಿಮದಲ್ಲಿ ನಡೆದರು. ಅವಳ ಕಡೆಯ ಹೊಡೆತ ಬಂದು ಮುಟ್ಟುವ ಜಾಗದಲ್ಲಿ, ಅವಳಿಗೆ ಎದುರಾಗಿ ನಿಂತರು.

“ಮಾಡು,” ಎಂದರು.

“ಪಕ್ಕಕ್ಕೆ ಸರೀರಿ.”

“ಔಷಧಿ ಬೇಕು ಅಂದವನು ನಾನು. ಮಾಡು.”

ಬೊರಮ್ ಮೊದಲಿನಿಂದ ಶುರುಮಾಡಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಎಡಗೈ ಗುರುಗಳ ಎದೆಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು.

ಬಲಗೈ ನಿಲ್ಲಲಿಲ್ಲ.

ಮುದುಕರು ಹಿಮದ ಮೇಲೆ ಬಿದ್ದರು. ಅವಳು ಪಕ್ಕದಲ್ಲಿ ಕೂತು ಅವರ ತಲೆಯನ್ನು ಮಡಿಲಿಗೆ ತೆಗೆದುಕೊಂಡಳು. ಕೊಂಚ ಹೊತ್ತಿನ ಮೇಲೆ ಅವರಿಗೆ ಉಸಿರು ಬಂತು. ಬುದ್ಧ, ಬುದ್ಧ ಎಂದರು.

“ಪೂರ್ತಿಯಾಯಿತಾ?”

ಅವಳು ತನ್ನ ಮುಷ್ಟಿ ನೋಡಿಕೊಂಡಳು. ನದಿಯತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ಇಲ್ಲ,” ಎಂದು ಬಿಕ್ಕಿದಳು.

“ನಾಳೆಯೂ ಬಂದು ನಿಲ್ಲುತ್ತೇನೆ ಮಗಳೇ. ನಾಳೆಯೂ ಪೂರ್ತಿಯಾಗುವುದಿಲ್ಲ.”