ಬೀಗರ ಗಂಟು

“ಗುರುಗಳೇ, ನಮ್ಮ ವೆಬ್ ಅಪ್ಲಿಕೇಶನ್ನಿಗೆ ಬರುವ ಅರ್ಜಿಗಳಲ್ಲಿ ಬೇಡದ ಅಂಶಗಳು ಯಾವುವೆಂದು ಹುಡುಕಿ ತಡೆದಿದ್ದೇನೆ. ಅದು ಸಾಲದು, ಬೇಕಾದವು ಯಾವುವೆಂದು ಕಾನ್ಫಿಗರೇಶನ್ ಫೈಲಿನಲ್ಲಿ ಬರೆದಿಟ್ಟು ಅವನ್ನಷ್ಟೇ ಒಳಗೆ ಬಿಡು ಎನ್ನುತ್ತೀರಿ. ಬಂದವರನ್ನೆಲ್ಲ ಹಾಗೆ ಅನುಮಾನದಿಂದ ನೋಡಬಹುದೇ?” ಎಂದು ವಾಗೀಶ ಕೇಳಿದ.

ಅವನು ಪ್ರೋಗ್ರಾಮ್ ಬರೆಯಲು ಕಲಿಯುತ್ತಿದ್ದ ಶಿಷ್ಯ. ಗುರುಗಳು ಅವನ ಪರದೆಯ ಕಡೆ ತಿರುಗಿಯೂ ನೋಡದೆ ಕತೆ ಹೇಳಿದರು.

ಒಬ್ಬನಿಗೆ ಆಲೆಮನೆಯಿತ್ತು. ಊರವರ ಕಬ್ಬು ಅರೆದು, ಆ ಕಬ್ಬಿನ ಹಾಲು ಕಾಯಿಸಿ, ಬೆಲ್ಲ ಮಾಡಿಕೊಡುವುದು ಅವನ ಕಸುಬು. ಆಲೆಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಗೆಣಸೋ ಪರಂಗಿಕಾಯಿಯೋ ತೆಂಗಿನಕಾಯಿಯೋ ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಾರೆ. ಅದನ್ನು ಕುದಿಯುವ ಕೊಪ್ಪರಿಗೆಗೆ ಇಳಿಬಿಟ್ಟು, ಸಿಹಿಯಲ್ಲಿ ಬೇಯಿಸಿ ಕೊಡಬೇಕು. ಆಗುವುದಿಲ್ಲ ಎನ್ನುವ ರೂಢಿಯಿಲ್ಲ. ಆದರೆ ಹುಳಿ ಬಿದ್ದರೆ ಬೆಲ್ಲ ಗಟ್ಟಿಯಾಗದು. ಅದಕ್ಕೆ ಅವನು ತನ್ನ ಆಳಿಗೆ, ನಿಂಬೆ ಹಾಕಬೇಡ, ಹುಣಸೆ ಹಾಕಬೇಡ ಎಂದು ಹೇಳಿಟ್ಟು ನೆಮ್ಮದಿಯಾಗಿದ್ದ. ಪಾಪ, ಹುಳಿಗೆ ಲೋಕದಲ್ಲಿ ಎರಡೇ ಹೆಸರೆಂದು ಅವನಿಗೆ ಯಾರು ಹೇಳಿದ್ದರೋ!

ಒಂದು ದಿನ ಒಬ್ಬ ಮುದುಕಿಯ ಕಬ್ಬಿನ ಸರದಿ. ಅವಳಿಗಿದ್ದದ್ದು ಅಂಗೈಯಗಲ ಜಮೀನು. ಒಂದು ಕೊಪ್ಪರಿಗೆ ಬೆಲ್ಲವಾದರೆ ಅದರಲ್ಲೇ ಅವಳ ವರ್ಷದ ಜೀವನ. ಹಾಲು ಕುದಿಯುತ್ತಿರುವಾಗ ಆಲೆಮನೆಯವನ ಬೀಗರು ಬಂದರು. ಮಗನಿಗೆ ಹೆಣ್ಣು ಕೊಟ್ಟವರು, ಕರಾವಳಿಯವರು. ಕೈಯಲ್ಲಿ ದೊಡ್ಡ ಗಂಟು. ಮೇಲೆ ಗೆಣಸು, ಅಡಿಯಲ್ಲಿ ಜಜ್ಜಿದ ಹುಳಿ ಅಮಟೆಕಾಯಿ. ಸಿಹಿಯಲ್ಲಿ ಬೆಂದರೆ ರುಚಿಯಾದೀತೆಂದು ಪ್ರೀತಿಯಿಂದಲೇ ತಂದಿದ್ದರು. ಆಳು ಮೇಲಿಂದ ಇಣುಕಿದ. ನಿಂಬೆ ಕಾಣಲಿಲ್ಲ, ಹುಣಸೆಯೂ ಕಾಣಲಿಲ್ಲ. ಕೆದಕಿ ನೋಡಲು ಸಂಕೋಚ. ಧಣಿಯ ಬೀಗರ ಗಂಟನ್ನು ಬಿಚ್ಚುವುದುಂಟೆ? ಹಾಗೆಯೇ ಇಳಿಬಿಟ್ಟ.

ಪಾಕ ಅಚ್ಚಿನಲ್ಲಿ ನಿಲ್ಲಲಿಲ್ಲ. ಅಂಟಂಟಾಗಿ ಉಳಿಯಿತು. ಬೀಗರು ತಲೆ ತಗ್ಗಿಸಿ, ಊಟವನ್ನೂ ಮಾಡದೆ ಹೊರಟುಹೋದರು. ಆಲೆಮನೆಯವನು ತನ್ನ ಪಾಲಿನ ಬೆಲ್ಲವನ್ನೆಲ್ಲ ತಂದು ಮುದುಕಿಯ ಮುಂದಿಟ್ಟು ಕೈಮುಗಿದ. ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

“ಬ್ಯಾಡದ್ದು ಏನೇನು ಅಂತ ಎಷ್ಟು ದಿನ ಹೇಳ್ಕೊಂಡು ಕೂತ್ಕತೀಯಪ್ಪ? ಹಾಕ್ಬೋದಾದ್ದು ಮೂರೋ ನಾಕೋ ಅಷ್ಟೆಯ. ಅದನ್ನ ಬರ್ದಾಕು” ಎಂದಳು.

ಅವನು ಅಂದೇ ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: “ಗೆಣಸು, ಪರಂಗಿಕಾಯಿ, ತೆಂಗಿನಕಾಯಿ. ಕೊಪ್ಪರಿಗೆಗೆ ಇವಿಷ್ಟೇ. ಎಲ್ಲರ ಗಂಟನ್ನೂ ಬಿಚ್ಚಿ ನೋಡಲಾಗುವುದು. ಉಳಿದದ್ದನ್ನು ಹಿಂದಿರುಗಿಸಲಾಗುವುದು.” ಮುಂದೆ ಯಾರೋ ಕುಂಬಳಕಾಯಿ ತಂದರು. ಅವನು ಅದನ್ನು ಮೊದಲು ಸಣ್ಣ ಪಾತ್ರೆಯಲ್ಲಿ ಬೇಯಿಸಿ ನೋಡಿದ. ಪಾಕ ಕೆಡಲಿಲ್ಲ. ಗೋಡೆಯ ಮೇಲೆ ಒಂದು ಹೆಸರು ಸೇರಿಸಿದ, ಮುಗಿಯಿತು. ಅದಕ್ಕಾಗಿ ಒಲೆ ಆರಿಸಬೇಕಾಗಲಿಲ್ಲ, ಕೊಪ್ಪರಿಗೆ ಇಳಿಸಬೇಕಾಗಲಿಲ್ಲ.

ಮರುವರ್ಷ ಮುದುಕಿಯ ಸರದಿ ಬಂದಾಗ ಅವನು ಜ್ವರದಿಂದ ಮಲಗಿದ್ದ. ಹಳೆಯ ಆಳು ಬಿಟ್ಟುಹೋಗಿದ್ದ. ಹೊಸಬನಿಗೆ ಬೆಲ್ಲದ ಹದ ಗೊತ್ತಿತ್ತೇ ಹೊರತು ಆ ಮನೆಯ ರೀತಿನೀತಿ ಗೊತ್ತಿರಲಿಲ್ಲ. ಮಲಗಿದವನಿಗೆ ಜ್ವರಕ್ಕಿಂತ ಅದೇ ಚಿಂತೆ. ಸಾಲದ್ದಕ್ಕೆ, ಕಾಯಿಲೆಯ ಸುದ್ದಿ ಕೇಳಿ ಬೀಗರೂ ಬಂದಿದ್ದರು, ಕೈಯಲ್ಲಿ ಮತ್ತೊಂದು ಗಂಟು. ಅಳುಕುತ್ತ ಬಾಗಿಲಲ್ಲಿ ನಿಂತವರು ಗೋಡೆಯ ಬರಹ ಓದಿದರು. ತಾವೇ ಗಂಟು ಬಿಚ್ಚಿ ಮುಂದೆ ಹಿಡಿದರು. ಹೊಸಬ ಗೆಣಸನ್ನು ತೆಗೆದುಕೊಂಡು, ಉಳಿದದ್ದನ್ನು ಎರಡೂ ಕೈಯಿಂದ ಹಿಂದಿರುಗಿಸಿದ. ಬೀಗರು ಅಂದು ಹೊಟ್ಟೆ ತುಂಬ ಉಂಡರು.

ಬೆಲ್ಲ ಕಲ್ಲಿನಂತೆ ನಿಂತಿತು. ಮುದುಕಿ ಮೊದಲ ಅಚ್ಚನ್ನು ಅವನ ಹಾಸಿಗೆಯ ಬಳಿಗೆ ತಂದಳು. ಅವನಿಗೆ ಕಣ್ಣು ತುಂಬಿ ಬಂತು.

“ಅವ್ವಾ, ಅವತ್ತು ನೀನು ಶಾಪ ಹಾಕಿ ಹೋಗಿದ್ರೆ ನಾನು ಇನ್ನೂ ಹುಳಿ ಹೆಸರು ಹುಡುಕ್ತಾ ಕೂತಿರ್ತಿದ್ದೆ. ನಿನ್ನ ಋಣ ಹೆಂಗೆ ತೀರಿಸ್ಲಿ?” ಎಂದ.

“ಬಾಯಿ ತೆಗಿ, ಜ್ವರಕ್ಕೆ ಕಹಿ ಆಗಿರ್ತದೆ” ಎಂದು ಅವಳು ಒಂದು ಚೂರು ಬೆಲ್ಲ ಮುರಿದು ಅವನ ಬಾಯಿಗಿಟ್ಟಳು.

ಗುರುಗಳು ನಿಲ್ಲಿಸಿದರು. ವಾಗೀಶ, “ಅಂದರೆ, ಬೀಗರನ್ನೂ ಅನುಮಾನಿಸಬೇಕು ಎಂದಾಯಿತು” ಎಂದ.

“ಗೋಡೆಯ ಮೇಲೆ ಬರೆದ ದಿನದಿಂದ ಆ ಮನೆಯಲ್ಲಿ ಯಾರೂ ಯಾರನ್ನೂ ಅನುಮಾನಿಸಬೇಕಾಗಲಿಲ್ಲ” ಎಂದರು ಗುರುಗಳು.